ಬಾಗಿಲ ಹತ್ತಿರದ ಎರಡು ಸಾಲು

...ಮಾಫ್ ಮಾಡಬೇಕಾ? ನಾನು? ನಿಮ್ಮನ್ನು? ಎಂತದಕ್ಕೆ ಅದ್ರಾಮ ಕಾಕ?

ಕೂತ್ಕೊಳ್ಳಿ ಮೊದಲು. ಅಯ್ಯೋ ಅದರಲ್ಲಿ ಬೇಡ, ಅದರ ಒಂದು ಕಾಲು ಸರಿ ಇಲ್ಲ. ಇಡೀ ಶಾರ್ಜಾಕ್ಕೆ ಕಬ್ಬಿಣ ಬೆಸೆದು ಕಳಿಸುವ ವರ್ಕ್‌ಶಾಪು ಇದು, ಆಫೀಸಿನ ಕುರ್ಚಿಗೆ ಒಂದು ಕಾಲು ಬೆಸೆಯುವವರಿಲ್ಲ. ಹಾಂ, ಇದರಲ್ಲಿ ಕೂತ್ಕೊಳ್ಳಿ. ಸೆಕೆಗೆ ಕಿಟಿಕಿ ತೆಗೆದಿಟ್ಟಿದ್ದೇನೆ. ಕರೆಂಟು ಹೋಗಿ ಮುಕ್ಕಾಲು ಗಂಟೆ ಆಯ್ತು. ಕೆಲಸದವರೆಲ್ಲ ಬದಿಯಡ್ಕ ಪೇಟೆಗೆ ಚಾ ಕುಡಿಯಲಿಕ್ಕೆ ಹೋಗಿದ್ದಾರೆ. ಜೂನ್ ಮೂರು ಆಯ್ತು, ಮಳೆ ಇಲ್ಲ, ಕರೆಂಟೂ ಇಲ್ಲ.

ನಿಮ್ಮ ಕ್ರಮ ನನಗೆ ಗೊತ್ತುಂಟು ಮಾರಾಯ್ರೆ. ಹಜ್‌ಗೆ ಹೋಗುವ ಮೊದಲು ಪರಿಚಯದವರ ಮನೆಮನೆಗೆ ಹೋಗಿ ಪೊರುತ್ತ ಕೇಳುವುದು. ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ದರೆ ಕ್ಷಮಿಸಿ ಅಂತ. ಒಳ್ಳೆ ಕ್ರಮವೇ. ನನಗೆ ದೇವರ ಜೊತೆ ವ್ಯವಹಾರ ಇಲ್ಲ, ಆದರೂ ಒಳ್ಳೆ ಕ್ರಮ. ಇವತ್ತಿಗೆ ಎಷ್ಟು ಮನೆ ಆಯ್ತು? ...ನಿಮ್ಮ ಹೆಂಡತಿ ಹವ್ವಮ್ಮನವರು ಹೆಂಗಸರ ಲೈನು, ನೀವು ಗಂಡಸರ ಲೈನು? ಭಾರೀ ವ್ಯವಸ್ಥೆ! ಇಬ್ಬರೂ ಸೇರಿ ಕುಂಬಳೆಯಿಂದ ಬದಿಯಡ್ಕದವರೆಗೆ ಪಾಪ ಪೂರ್ತಿ ಗುಡಿಸಿಬಿಡ್ತೀರಿ.

ನನ್ನ ಹತ್ತಿರ ಎಂತ ಕೇಳ್ಲಿಕ್ಕುಂಟು ನಿಮಗೆ? ಏಳು ವರ್ಷದ ಹಿಂದೆ ನಾನು ಇಲ್ಲಿ ಸೇರಿದ ದಿನ ನನ್ನ ಬಿಳಿ ಅಂಗಿಗೆ ಕಟಿಂಗ್ ಆಯಿಲ್ ಚೆಲ್ಲಿದಿರಿ. ಅದನ್ನು ಮಾಫ್ ಮಾಡಿದೆ. ಅದೇ ದಿನ ನನ್ನ ಕೈ ನೋಡಿ, ಇವರು ಕಬ್ಬಿಣ ಮುಟ್ಟಿದವರಲ್ಲ ಅಂತ ಎಲ್ಲರೆದುರು ಹೇಳಿದಿರಿ. ಅದು ಸತ್ಯ. ಸತ್ಯಕ್ಕೆ ಮಾಫಿ ಬೇಡ. ಎಕನಾಮಿಕ್ಸ್‌ನಲ್ಲಿ ಎಂ.ಎ. ಮಾಡಿ, ಪ್ಯಾರಲಲ್ ಕಾಲೇಜಿನಲ್ಲಿ ಒಂಬತ್ತು ವರ್ಷ ಪರೀಕ್ಷೆಯಲ್ಲಿ ಸೋತವರಿಗೆ ಪಾಠ ಹೇಳಿ, ಸರಕಾರಿ ಕೆಲಸದ ಪಿಎಸ್ಸಿ ರ್‍ಯಾಂಕ್ ಲಿಸ್ಟಿನಲ್ಲಿ ಹೆಸರು ಬಂದು, ವಾಯಿದೆ ಮುಗಿದು ಲಿಸ್ಟು ಸಾಯುವವರೆಗೆ ಕಾದವನ ಕೈ ಇನ್ನು ಹೇಗಿರ್ತದೆ?

ಆಯ್ತು. ಎಲ್ಲ ಮಾಫ್. ಸಗಟು ಮಾಫ್. ತೃಪ್ತಿ ಆಯ್ತಾ?

ಬುಧವಾರವಲ್ಲ ವಿಮಾನ? ಈ ಸಲ ಕಣ್ಣೂರಿನಿಂದಲೇ ಅಂತೆ, ಕೊಚ್ಚಿಯ ನೆಡುಂಬಾಶ್ಶೇರಿಗೆ ಹೋಗುವ ರಗಳೆ ಇಲ್ಲ. ಒಳ್ಳೆದಾಯ್ತು.

ಏಳ್ತೀರಾ? ಎಂತ ಅವಸರ! ಒಂದು ನಿಮಿಷ. ನೀವು ಬಂದದ್ದು ಒಳ್ಳೆದೇ ಆಯ್ತು, ಇಲ್ಲದಿದ್ದರೆ ನಾನೇ ನಿಮ್ಮ ಮನೆಗೆ ಬರುವವ ಇದ್ದೆ. ಒಂದು ಸಣ್ಣ ಕೆಲಸ. ಒಂದು ದಸ್ಕತ್ತು. ಹೆದರುವಂಥದ್ದು ಎಂತ ಇಲ್ಲ, ಒಂದೇ ಪುಟ. ಕನ್ನಡದಲ್ಲೇ ಬರೆದಿದ್ದೇನೆ, ನಿಮಗೆ ಓದ್ಲಿಕ್ಕೆ ಆಗ್ತದೆ.

ಯಾವ ವಿಷಯ ಅಂತಲಾ? ಅದೇ. ಹೋದ ಸೆಪ್ಟೆಂಬರಿನ ಕಂಟೈನರು.

ಹಾಗೆ ಉಸಿರು ಬಿಡಬೇಡಿ. ನನಗೂ ಸಾಕಾಗಿದೆ. ಆದರೆ ಮಂಗಳೂರು ಬಂದರಿನ ಕಸ್ಟಮ್ಸಿನಲ್ಲಿ ಆ ಫೈಲು ಇನ್ನೂ ಉಸಿರಾಡ್ತಾ ಉಂಟು. ನಿಮಗೆ ಕೇಸು ಎಂತದು ಅಂತ ಯಾರಾದರೂ ಸರಿಯಾಗಿ ಹೇಳಿದ್ದಾರಾ? ಇಲ್ಲ. ಹೇಳುವುದಿಲ್ಲ. ಕೆಲಸ ಮಾಡಿದವನಿಗೆ ಕೊನೆಗೆ ಗೊತ್ತಾಗುವುದು, ಅದು ಎಲ್ಲ ಕಡೆ ಹಾಗೆಯೇ. ನಾನು ಹೇಳ್ತೇನೆ. ಪಾಠ ಹೇಳಿ ಅಭ್ಯಾಸ ಉಂಟಲ್ಲ.

ಈ ಪುಸ್ತಕ ನೋಡಿ. ಇದು ಸುಂಕದ ಪುಸ್ತಕ. ಲೋಕದಲ್ಲಿ ಹಡಗು ಹತ್ತುವ ಪ್ರತಿಯೊಂದು ವಸ್ತುವಿಗೂ ಇದರಲ್ಲಿ ಒಂದು ನಂಬರುಂಟು. ಜೀವಂತ ಕತ್ತೆಗೆ ಒಂದು ನಂಬರು. ಮನುಷ್ಯರ ಕೂದಲಿಗೆ ಒಂದು ನಂಬರು. ಮನುಷ್ಯನಿಗೆ ಮಾತ್ರ ಇಲ್ಲ, ಅವನನ್ನು ಬೇರೆ ಇಲಾಖೆಯವರು ಕಳಿಸುವುದು. ಇನ್ನು ನಮ್ಮ ಮಾಲು. ಸತು ಲೇಪಿಸಿದ ಕಬ್ಬಿಣದ ಶೀಟು, ಅದು ಎಪ್ಪತ್ತೆರಡು-ಹತ್ತು. ಅದೇ ಶೀಟನ್ನು ಅಳತೆಗೆ ಕತ್ತರಿಸಿ, ಬೋಲ್ಟು ಕೂರಲಿಕ್ಕೆ ಅಂಚಿಗೆ ಹನ್ನೆರಡು ಒಟ್ಟೆ ಹಾಕಿದಿರಿ ಅಂತಾದರೆ ಅದು ಶೀಟೇ ಅಲ್ಲ! ಕಟ್ಟಡದ ಭಾಗ. ಎಪ್ಪತ್ತಮೂರು-ಸೊನ್ನೆ ಎಂಟು. ಅಂಥ ಪ್ಯಾನೆಲ್‌ಗಳ ಜೊತೆ ಬಾಗಿಲು ಕಿಟಿಕಿ ಎಲ್ಲ ಒಂದೇ ಕಂಟೈನರಿನಲ್ಲಿ ಹಾಕಿದರೆ ಅದು ಮನೆ. ತೊಂಬತ್ತನಾಲ್ಕು-ಸೊನ್ನೆ ಆರು. ಮೇಜು ಕುರ್ಚಿಯ ಅಧ್ಯಾಯದಲ್ಲಿ ಮನೆಯನ್ನು ಇಟ್ಟಿದ್ದಾರೆ, ಬೇರೆಲ್ಲಿ ಇಡುವುದು ಅಂತ ಗೊತ್ತಾಗದೆ.

ಯಾಕೆ ನಗುವುದು?

ನಗಿ, ನಗಿ. ನಗುವ ವಿಷಯವೇ. ಹತ್ತೊಂಬತ್ತು ವರ್ಷ ನೀವು ಆ ಡ್ರಿಲ್ಲಿಂಗ್ ಮಿಷನಿನ ಎದುರು ನಿಂತು ಒಟ್ಟೆ ಕೊರೆದೆ ಅಂತ ತಿಳಿದುಕೊಂಡಿದ್ದೀರಿ. ತಪ್ಪು. ನೀವು ಮಾಡಿದ್ದು ಕ್ಲಾಸಿಫಿಕೇಶನ್. ಒಂದೊಂದು ಒಟ್ಟೆ ಹಾಕುವಾಗಲೂ ಭಾರತ ಸರಕಾರದ ಒಂದು ಕಾಲಮ್ಮಿನಿಂದ ಇನ್ನೊಂದು ಕಾಲಮ್ಮಿಗೆ ಕಬ್ಬಿಣವನ್ನು ದಾಟಿಸ್ತಾ ಇದ್ದಿರಿ. ನಿಮಗೆ ಅದರ ಸಂಬಳ ಯಾರೂ ಕೊಡಲಿಲ್ಲ.

ಎಷ್ಟು ಒಟ್ಟೆ ಹಾಕಿದರೆ ಶೀಟು ಮನೆ ಆಗ್ತದೆ ಅಂತಲಾ? ಒಳ್ಳೆ ಪ್ರಶ್ನೆ! ಪುಸ್ತಕದಲ್ಲಿ ಇಲ್ಲ. ಒಂದು ಟಿಪ್ಪಣಿ ಉಂಟು ಇಲ್ಲಿ, ಈ ಸಣ್ಣ ಅಕ್ಷರದಲ್ಲಿ. ಒಟ್ಟೆ ಹಾಕಿದರೂ ಶೀಟು ಶೀಟೇ, ಆದರೆ ಅದರಿಂದ ಬೇರೆ ವಸ್ತುವಿನ ಸ್ವಭಾವ ಬಂದರೆ ಶೀಟಲ್ಲ. ಸ್ವಭಾವ! ಕಬ್ಬಿಣಕ್ಕೆ ಕೇಳ್ತಾರೆ ಮಾರಾಯ್ರೆ. ಮಾರುವವನಿಗೆ ಕೇಳುವುದಿಲ್ಲ, ಕೊಳ್ಳುವವನಿಗೆ ಕೇಳುವುದಿಲ್ಲ.

ಸರಿ. ಈಗ ಹೋದ ವರ್ಷದ ಕಥೆ. ಮೇ ತಿಂಗಳಲ್ಲಿ ಡೆಲ್ಲಿಯಲ್ಲಿ ಯಾರಿಗೋ ಅನಿಸಿತು, ನಮ್ಮ ಕಬ್ಬಿಣದ ಶೀಟೆಲ್ಲ ಹೊರಗೆ ಹೋಗ್ತಾ ಉಂಟು ಅಂತ. ಶೀಟು ರಫ್ತು ಮಾಡುವವರಿಗೆ ನೂರಕ್ಕೆ ಹದಿನೈದು ಸುಂಕ ಹಾಕಿದರು. ಕಟ್ಟಡದ ಭಾಗಕ್ಕೆ ಸುಂಕ ಇಲ್ಲ. ನವೆಂಬರಿನಲ್ಲಿ ಅದೇ ಯಾರಿಗೋ ಬೇಡ ಅನಿಸಿತು, ತೆಗೆದರು. ಆರು ತಿಂಗಳು ಬದುಕಿದ ಕಾನೂನು. ಅದರ ನಾಲ್ಕನೇ ತಿಂಗಳಲ್ಲಿ ನಮ್ಮ ಕಂಟೈನರು ಹೋಯಿತು. ಕಾನೂನು ಸತ್ತಿತು, ಕೇಸು ಸಾಯಲಿಲ್ಲ.

ನಮ್ಮ ಧಣಿ ರಿಯಾಝ್‌ನ ಗಿರಾಕಿ, ಶಾರ್ಜಾದವ, ಕೂಲಿಯವರ ಕ್ಯಾಂಪಿಗೆ ಕ್ಯಾಬಿನ್ ಕಟ್ಟುವವ. ಅವನಿಗೆ ಮುನ್ನೂರ ಇಪ್ಪತ್ತು ಪ್ಯಾನೆಲ್ ಬೇಕು. ಆದರೆ ಒಟ್ಟೆ ಬೇಡ. ಅವನ ಫ್ರೇಮಿನ ಅಳತೆ ಬೇರೆ, ಅವನೇ ಅಲ್ಲಿ ಕೊರೀತಾನಂತೆ. ಅರ್ಥ ಆಯ್ತಲ್ಲ? ಒಟ್ಟೆ ಹಾಕಿದರೆ ಗಿರಾಕಿಗೆ ಬೇಡ. ಹಾಕದಿದ್ದರೆ ಸರಕಾರಕ್ಕೆ ಹದಿನೈದು. ಹಾಗಾಗಿ ಮಧ್ಯದ ಒಂದು ದಾರಿ ನೋಡಿದ್ದು. ಕಾಗದದಲ್ಲಿ ಎಲ್ಲ ಪ್ಯಾನೆಲ್‌ಗೂ ಒಟ್ಟೆ. ಕಂಟೈನರಿನಲ್ಲಿ ಬಾಗಿಲ ಹತ್ತಿರದ ಎರಡು ಸಾಲಿಗೆ ಮಾತ್ರ ಒಟ್ಟೆ. ನಲ್ವತ್ತು ಪ್ಯಾನೆಲ್. ಅದರ ಹಿಂದೆ ಇನ್ನೂರ ಎಂಬತ್ತು, ಕನ್ನಡಿಯ ಹಾಗೆ ನುಣ್ಣಗೆ. ಆಫೀಸರು ಬಾಗಿಲು ತೆಗೀತಾರೆ, ಟಾರ್ಚು ಹಾಕ್ತಾರೆ, ಒಟ್ಟೆ ಕಾಣ್ತದೆ, ಬಾಗಿಲು ಹಾಕ್ತಾರೆ. ಒಳಗೆ ನುಗ್ಗಿ ನೋಡ್ಲಿಕ್ಕೆ ಯಾರಿಗೆ ಪುರುಸೊತ್ತುಂಟು?

ನೋಡಿದ್ದೂ ಅವರಲ್ಲ. ಆ ದರಿದ್ರ ಬೆಕ್ಕು!

ನೀವು ಡ್ರಿಲ್ಲಿಂಗ್ ಮಿಷನಿನ ಕೆಳಗೆ ಮೀನಿನ ತಲೆ ಹಾಕಿ ಸಾಕಿದ ಬೆಕ್ಕು ಅದು. ಇಲ್ಲ ಅಂತ ಹೇಳಬೇಡಿ. ಲೋಡಿಂಗ್ ಮಾಡುವಾಗ ಒಳಗೆ ಹೋಗಿ ಮಲಗಿತು. ಬಾಗಿಲು ಹಾಕಿ ಸೀಲು ಒತ್ತಿ ಆಯ್ತು. ಬಂದರಿನ ಯಾರ್ಡಿನಲ್ಲಿ ಮರುದಿನ ಕೂಗ್ಲಿಕ್ಕೆ ಶುರು. ಅಲ್ಲಿಯ ಹಮಾಲಿಗಳಿಗೆ ಕರುಣೆ ಬಂತು. ನಮ್ಮ ದೇಶದಲ್ಲಿ ಕರುಣೆ ಬರುವ ಹೊತ್ತು ನೋಡಿ! ಸೀಲು ಒಡೆಸಿದರು, ಎರಡು ಸಾಲು ಹೊರಗೆ ತೆಗೆದರು, ಬೆಕ್ಕು ಹಾರಿ ಓಡಿತು. ಆಫೀಸರು ಬೆಕ್ಕನ್ನು ನೋಡ್ಲಿಕ್ಕೆ ಬಗ್ಗಿದವರು ಮೂರನೇ ಸಾಲು ನೋಡಿದರು. ಬೆಕ್ಕಿಗೂ ಈ ಪುಸ್ತಕದಲ್ಲಿ ನಂಬರುಂಟು, ಗೊತ್ತುಂಟಾ? ಸೊನ್ನೆ ಒಂದು-ಸೊನ್ನೆ ಆರು, ಇತರ ಜೀವಂತ ಪ್ರಾಣಿಗಳು. ಘೋಷಿಸದ ಸರಕು ಅಂತ ಅದನ್ನೂ ಪಂಚನಾಮೆಯಲ್ಲಿ ಬರೆದಿದ್ದಾರೆ. ನಾನು ಓದಿದ್ದೇನೆ. ಅಷ್ಟೂ ಪುಟದಲ್ಲಿ ತಪ್ಪಿಲ್ಲದ ವಾಕ್ಯ ಅದೊಂದೇ.

ಇಷ್ಟೇ ಕೇಸು.

ಈಗ ಈ ಪತ್ರ. ಓದ್ತೇನೆ, ಕೇಳಿ. "ಡ್ರಿಲ್ಲಿಂಗ್ ಆಪರೇಟರ್ ಆದ ನಾನು, ಸದರಿ ಮುನ್ನೂರ ಇಪ್ಪತ್ತು ಪ್ಯಾನೆಲ್‌ಗಳ ಪೈಕಿ ನಲ್ವತ್ತಕ್ಕೆ ಮಾತ್ರ ರಂಧ್ರ ಕೊರೆದು, ಉಳಿದವುಗಳನ್ನು ನನ್ನ ಅಜಾಗರೂಕತೆಯಿಂದ ಹಾಗೆಯೇ ಬಿಟ್ಟಿರುತ್ತೇನೆ. ಈ ವಿಷಯ ಕಚೇರಿಯವರ ಗಮನಕ್ಕೆ ಬಂದಿರುವುದಿಲ್ಲ." ಅಷ್ಟೇ. ಎರಡು ವಾಕ್ಯ. ಕೆಳಗೆ ಇಲ್ಲಿ ದಸ್ಕತ್ತು.

ಪೆನ್ನು ತಕೊಳ್ಳಿ.

...ತಕೊಳ್ಳಿ, ಬರೀತದೆ ಅದು.

ಎಂತ ತಲೆ ಆಡಿಸುವುದು? ಹತ್ತೊಂಬತ್ತು ವರ್ಷದಲ್ಲಿ ಒಂದು ಒಟ್ಟೆ ಅರ್ಧ ಮಿಲ್ಲಿಮೀಟರ್ ಅತ್ತಿತ್ತ ಆಗಲಿಲ್ಲ ಅಂತಲಾ? ಗೊತ್ತುಂಟು ಮಾರಾಯ್ರೆ. ಇಲ್ಲಿ ಎಲ್ಲರಿಗೂ ಗೊತ್ತುಂಟು. ಬಂದರಿನ ಆಫೀಸರಿಗೆ ಗೊತ್ತಿಲ್ಲ, ಅದೇ ನಮ್ಮ ಪುಣ್ಯ. ಅಜಾಗರೂಕತೆ ಅನ್ನುವುದು ಬೈಗುಳ ಅಲ್ಲ ಅದ್ರಾಮ ಕಾಕ. ಕಾನೂನಿಗೆ ಅತ್ಯಂತ ಪ್ರೀತಿಯ ಶಬ್ದ ಅದು. ಬೇಕೆಂದು ಮಾಡಿದರೆ ಅಪರಾಧ. ಗೊತ್ತಿಲ್ಲದೆ ಮಾಡಿದರೆ ಅಜ್ಞಾನ, ಅದಕ್ಕೂ ದಂಡ. ಅಜಾಗರೂಕತೆಗೆ ಮಾತ್ರ ಒಂದು ಎಚ್ಚರಿಕೆ ಕೊಟ್ಟು ಫೈಲು ಮುಚ್ತಾರೆ. ನಿಮಗೆ ಎಂತ ಆಗುವುದಿಲ್ಲ. ಅರುವತ್ತು ವರ್ಷದ ಮನುಷ್ಯ, ಬಡವ, ಹಜ್‌ಗೆ ಹೋದವ. ಯಾರು ಎಂತ ಮಾಡ್ತಾರೆ? ನಿಮ್ಮ ಹೆಸರು ಓದಿ ಅವರೇ ನಾಚಿಕೊಳ್ತಾರೆ.

ಸುಳ್ಳಾ? ಎಲ್ಲುಂಟು ಸುಳ್ಳು? ತೋರಿಸಿ ನನಗೆ. ಒಟ್ಟೆ ಹಾಕಲಿಲ್ಲ, ಅದು ಸತ್ಯ. ಹಾಕುವ ಕೆಲಸ ನಿಮ್ಮದು, ಅದೂ ಸತ್ಯ. ಎರಡು ಸತ್ಯದ ನಡುವೆ ಒಂದು ಶಬ್ದ ಸ್ವಲ್ಪ ಸಡಿಲ ಉಂಟು, ಅಷ್ಟೇ. ಸಡಿಲ ಇದ್ದದ್ದನ್ನು ಬಿಗಿ ಮಾಡ್ಲಿಕ್ಕೆ ಅಲ್ಲವಾ ನಿಮ್ಮ ದಸ್ಕತ್ತು?

ಹಜ್‌ಗೆ ಹೋಗುವವ ಸುಳ್ಳು ಬರೆದು ಹೋಗಬಾರದು. ಒಪ್ಪಿದೆ. ಆದರೆ ಬರೆದದ್ದು ನಾನು. ನೀವು ದಸ್ಕತ್ತು ಮಾತ್ರ. ಪಾಪ ಬಂದರೆ ನನ್ನ ಖಾತೆಗೆ ಬರಲಿ, ನನಗೆ ಹೇಗೂ ಆ ಕಡೆ ಅಕೌಂಟಿಲ್ಲ.

ನಗುವುದಿಲ್ಲವಾ ಈಗ? ಆಗ ಚೆಂದಕೆ ನಗ್ತಾ ಇದ್ದಿರಿ.

ಹೌದು, ಹೌದು. ನೀವು ಕೇಳಿದ್ದು ಹೌದು. ಆ ದಿನ ನೀವು ಮಿಷನು ನಿಲ್ಲಿಸಿ ಇಲ್ಲಿಗೆ ಬಂದು, ಇದೇ ಬಾಗಿಲಲ್ಲಿ ನಿಂತು, ಮಾಷ್ಟ್ರೆ, ಉಳಿದದ್ದಕ್ಕೆ ಒಟ್ಟೆ ಬೇಡವಾ ಅಂತ ಕೇಳಿದಿರಿ. ಬೇಡ ಅಂತ ನಾನು ಹೇಳಿದೆ. ನಾನು ಹೇಳಿದ್ದಲ್ಲ, ರಿಯಾಝ್ ಹೇಳಿದ್ದು. ಶಾರ್ಜಾದಿಂದ ಫೋನು ಮಾಡಿ ಹೇಳಿದ. ಎರಡು ಸಾಲಿಗೆ ಹಾಕಿದರೆ ಸಾಕು, ಕಾಗದ ನೀವು ಹೇಗಾದರೂ ಸರಿ ಮಾಡಿ ಅಂದ. ಧಣಿ ಹೇಳಿದ ಮೇಲೆ ನಾನು ಎಂತ ಮಾಡುವುದು? ನಾನು ಬರೀ ನಡುವಿನ ಪೈಪು. ಆ ಕಡೆಯಿಂದ ಬಂದದ್ದನ್ನು ಈ ಕಡೆ ಬಿಡುವುದು.

...ಎಂತ? ಎಂತ ಹಾಗೆ ನೋಡುವುದು?

ಯಾರ ಮನೆಗೆ? ರಿಯಾಝ್‌ನ ಮನೆಗಾ? ಓ... ಅಲ್ಲಿಗೂ ಹೋಗಿ ಆಯ್ತಾ ಪೊರುತ್ತ ಕೇಳ್ಲಿಕ್ಕೆ. ಹೋಗಲೇಬೇಕಲ್ಲ, ಅನ್ನ ಕೊಟ್ಟವ. ಅವನು ಊರಲ್ಲಿಲ್ಲ, ಸಫ್ನಾ ಒಬ್ಬಳೇ ಇದ್ದಿರಬೇಕು. ...ವೀಡಿಯೋ ಕಾಲ್ ಮಾಡಿ ಕೊಟ್ಟಳಾ? ಗಂಡನಿಗೆ? ಒಳ್ಳೆದು. ಒಳ್ಳೆ ಹೆಂಗಸು. ...ಮಾತಾಡಿದಿರಾ? ತುಂಬ ಹೊತ್ತು?

ಅವನು ಎಂತ ಹೇಳಿದ?

ಬೇಡ, ಹೇಳಬೇಡಿ. ನಿಮ್ಮ ಮುಖದಲ್ಲಿ ಉಂಟು.

ಸರಿ ಮಾರಾಯ್ರೆ. ಐಡಿಯಾ ನನ್ನದು. ಆಯ್ತಾ? ಅವನಿಗೆ ಸುಂಕ ಕಟ್ಟಿಬಿಡುವ ಅಂತ ಇತ್ತು. ಕಟ್ಟಿದರೆ ಈ ಲೋಡಿನಲ್ಲಿ ಎಂತ ಉಳಿಯುವುದಿಲ್ಲ, ಪರವಾಗಿಲ್ಲ, ಗಿರಾಕಿ ಉಳೀತಾನೆ ಅಂದ. ನಾನೇ ಬೇಡ ಅಂದೆ. ಪುಸ್ತಕ ತೆಗೆದು ಓದಿ ಹೇಳಿದೆ ಅವನಿಗೆ ಫೋನಿನಲ್ಲಿ. ಎಪ್ಪತ್ತೆರಡು ಹತ್ತು, ಎಪ್ಪತ್ತಮೂರು ಸೊನ್ನೆ ಎಂಟು, ಸ್ವಭಾವ, ಎಲ್ಲ. ಅವನಿಗೆ ತಲೆ ತಿರುಗಿತು. ನಿಮಗೆ ಸರಿ ಕಂಡ ಹಾಗೆ ಮಾಡಿ ಮಾಷ್ಟ್ರೆ ಅಂದ. ಹತ್ತನೇ ಕ್ಲಾಸಿನವ ಧಣಿ, ಎಂ.ಎ.ಯವ ಗುಮಾಸ್ತ. ಒಂದು ದಿನ, ಒಂದೇ ಒಂದು ದಿನ, ನಾನು ಓದಿದ್ದಕ್ಕೆ ಎಂತದೋ ಒಂದು ಉಪಯೋಗ ಆಯ್ತು ಅಂತ ಕಂಡಿತು ನನಗೆ. ಆ ಬಾಗಿಲ ಹತ್ತಿರದ ಎರಡು ಸಾಲು ಉಂಟಲ್ಲ, ಅದು ನನ್ನ ಪಿಎಚ್‌ಡಿ ಮಾರಾಯ್ರೆ. ಬೆಕ್ಕು ಬಂದು ವೈವಾ ತಕೊಂಡಿತು.

ಈಗಲೂ ನಗುವುದಿಲ್ಲ.

ನೋಡಿ, ರಿಯಾಝ್‌ನಿಗೆ ಎಂತ ಆಗುವುದಿಲ್ಲ, ಅವನು ಅಲ್ಲಿದ್ದಾನೆ. ನನಗೆ ಆಗ್ತದೆ. ಬಿಲ್ಲಿನಲ್ಲಿ ನನ್ನ ದಸ್ಕತ್ತು, ಪ್ಯಾಕಿಂಗ್ ಲಿಸ್ಟಿನಲ್ಲಿ ನನ್ನ ದಸ್ಕತ್ತು, ನಂಬರು ಹಾಕಿದ್ದೂ ನಾನು. ಬೇಕೆಂದೇ ಮಾಡಿದ್ದು ಅಂತ ಬಂದರೆ ಕೋರ್ಟು. ನಲ್ವತ್ತಾರು ವರ್ಷಕ್ಕೆ ಇನ್ನೊಂದು ಕೆಲಸ ಯಾರು ಕೊಡ್ತಾರೆ? ಪ್ಯಾರಲಲ್ ಕಾಲೇಜು ಈಗ ಮೊಬೈಲಿನ ಅಂಗಡಿ. ನಿಮಗೆ ಹಾಗಲ್ಲ. ನೀವು ಹೇಗೂ ಈ ವರ್ಷ ನಿಲ್ಲುವವರು. ಹೋಗಿ ಬಂದ ಮೇಲೆ ಮಿಷನು ಹತ್ತಿರ ನಿಲ್ಲುವುದಿಲ್ಲ ಅಂತ ನೀವೇ ಹೇಳಿದ್ದಲ್ಲವಾ? ಹೋಗುವವರಿಗೆ ಒಂದು ಅಜಾಗರೂಕತೆ ಭಾರ ಆಗ್ತದಾ?

ಬುಧವಾರ ನೀವು ಹತ್ತುತ್ತೀರಿ. ನಲ್ವತ್ತು ದಿನ ಅಲ್ಲಿ. ನಿಮ್ಮ ಫೋನಿಗೆ ಸಿಗ್ನಲ್ ಇಲ್ಲ, ಯಾರೂ ಕೇಳುವುದಿಲ್ಲ, ಎಂತದೂ ತಲೆಗೆ ಹಚ್ಚಿಕೊಳ್ಳಬೇಡಿ. ಪತ್ರ ಇಲ್ಲಿದ್ದರೆ ಸಾಕು. ಕೆಲಸದವ ಯಾತ್ರೆಯಲ್ಲಿದ್ದಾನೆ, ತಪ್ಪೊಪ್ಪಿಗೆ ಬರೆದುಕೊಟ್ಟು ಹೋಗಿದ್ದಾನೆ ಅಂತ ಹದಿನಾಲ್ಕಕ್ಕೆ ನಾನೇ ಹೋಗಿ ಕೊಡ್ತೇನೆ. ಅವರು ಓದ್ತಾರೆ, ಫೈಲು ಕಟ್ತಾರೆ. ನೀವು ಬರುವಾಗ ಎಲ್ಲ ಮುಗಿದಿರ್ತದೆ. ನನಗೆ ಸ್ವಲ್ಪ ಮಕ್ಕಾದ ಝಂಝಂ ನೀರು ತನ್ನಿ, ದೇವರಿಲ್ಲದಿದ್ದರೂ ಬಾಯಾರಿಕೆ ಉಂಟು.

ಹಾಂ?

ಎಂತಾದರೂ ಹೇಳಿದಿರಾ? ಇಲ್ಲವಾ?

...

ನೀವು ಕೇಳಲಿಲ್ಲ.

ನಾನು ಹದಿನಾಲ್ಕು ಅಂದೆ. ಹದಿನಾಲ್ಕಕ್ಕೆ ಎಂತ ಉಂಟು ಅಂತ ನೀವು ಕೇಳಲಿಲ್ಲ. ನಾನು ಬೆಕ್ಕು ಅಂದರೆ ನಾನು ಸಾಕಿದ್ದಲ್ಲ ಅನ್ಲಿಕ್ಕೆ ಹೊರಟಿರಿ, ಒಟ್ಟೆ ಅಂದರೆ ಎಷ್ಟು ಒಟ್ಟೆ ಅಂತ ಕೇಳಿದಿರಿ. ಬಂದರಿನ ತಾರೀಕು ಹೇಳಿದರೆ ಮಾತ್ರ ಸುಮ್ಮನೆ ಕೂತಿದ್ದೀರಿ. ಸೆಪ್ಟೆಂಬರಿನಿಂದ ಯಾರೂ ನಿಮಗೆ ಒಂದು ಮಾತು ಹೇಳದ ಕೇಸು ಇದು. ಯಾವ ಹದಿನಾಲ್ಕು ಅಂತ ಕೇಳಬೇಕಲ್ಲ ಮನುಷ್ಯ?

ಪೋಸ್ಟಿನಲ್ಲಿ ಬಂತಾ?

ಯಾವಾಗ? ...ಮಂಗಳವಾರವಾ? ರಿಜಿಸ್ಟರ್ಡಾ?

ನೀವು ಹೋದ ಮೇಲೆ ಬರಬಹುದು ಅಂತ ಇದ್ದೆ ನಾನು. ಸರಕಾರಿ ಕಾಗದ, ಒಂದು ಹತ್ತು ದಿನ ತಡ ಆಗುವುದಿಲ್ಲವಾ? ತಡ ಆಗ್ತದೆ ಅಂತ ನಂಬಿದರೆ ಸರಿಯಾದ ಹೊತ್ತಿಗೆ ಮುಟ್ಟಿಸ್ತಾರೆ. ಹವ್ವಮ್ಮನವರು ನೋಡಿದರಾ? ...ಅವರಿಗೆ ಎಂತ ಹೇಳಿದಿರಿ? ವಿಮಾನದ ಕಾಗದ ಅಂತಲಾ? ಛೆ.

ಹಾಗಾದರೆ ಹದಿನಾಲ್ಕಕ್ಕೆ ನೀವೇ ಬರಬೇಕು ಅಂತ ಅದರಲ್ಲಿ ಉಂಟಲ್ಲ. ಖುದ್ದು ಹಾಜರಾಗಿ. ಹೌದು. ಹದಿನಾಲ್ಕಕ್ಕೆ ನೀವು ಮಕ್ಕಾದಲ್ಲಿ ಇರ್ತೀರಿ. ಹೋದರೆ ತಪ್ಪಿಸಿಕೊಂಡ ಅಂತ ಬರೆಯಬಹುದು. ಹೋಗದಿದ್ದರೆ... ಎಷ್ಟು ವರ್ಷ ಕಾದದ್ದು ನೀವು? ಆರು ಸಲ ಅರ್ಜಿ ಹಾಕಿ, ಆರನೇ ಸಲ ನರುಕ್ಕಿನ ಚೀಟಿ ಎತ್ತುವಾಗ ಹೆಸರು ಬಂದದ್ದು ಅಲ್ಲವಾ? ವಿಮಾನ ನಿಲ್ಲಿಸುವುದಿಲ್ಲ. ನಿಲ್ಲಿಸುವುದಿಲ್ಲ ಅಂತ ಕಾಣ್ತದೆ. ಒಂದು ಸಮನ್ಸಿಗೆ ಯಾರೂ... ನನಗೆ ಗೊತ್ತಿಲ್ಲ ಅದ್ರಾಮ ಕಾಕ. ಸುಳ್ಳು ಯಾಕೆ ಹೇಳುವುದು, ನನಗೆ ಗೊತ್ತಿಲ್ಲ.

ಅದಕ್ಕೇ ಹೇಳುವುದು, ಈ ಪತ್ರಕ್ಕೆ ದಸ್ಕತ್ತು ಹಾಕಿದರೆ ನೀವು ಹಾಜರಾದ ಹಾಗೆಯೇ...

ಪೆನ್ನು ಮುಚ್ಚಿ ಇಟ್ಟಿರಾ.

ಹೇಳಿ, ಎಂತಾದರೂ. ಬೈಯಿರಿ. ಈ ಕರೆಂಟಾದರೂ ಬರಬಾರದಾ, ಒಂದು ಫ್ಯಾನಿನ ಶಬ್ದ ಆದರೂ ಇರ್ತಿತ್ತು.

ನೀವು ಕೇಳ್ತಾ ಇಲ್ಲ, ಆದರೂ ನನಗೆ ಕೇಳ್ತಾ ಉಂಟು. ಬಂದರಿನವರಿಗೆ ನಿಮ್ಮ ಹೆಸರು ಹೇಗೆ ಸಿಕ್ಕಿತು ಅಂತ. ಸಂಬಳದ ಪುಸ್ತಕ ನೋಡಿರಬೇಕು. ಹೌದು, ತಕೊಂಡು ಹೋಗಿದ್ದಾರಲ್ಲ ಪುಸ್ತಕ. ...ಅದರಲ್ಲಿ ಅದ್ರಾಮ, ಡ್ರಿಲ್ಲಿಂಗ್ ಅಂತ ಮಾತ್ರ ಉಂಟು. ಮನೆ ಹೆಸರಿಲ್ಲ, ಊರಿಲ್ಲ. ಸರಿ. ನಿಮಗೆ ಅದೂ ಗೊತ್ತುಂಟು. ತಿಂಗಳು ತಿಂಗಳು ಹೆಬ್ಬೆರಳಿನ ಆಯಿಲು ಒರೆಸಿ ಅದೇ ಪುಸ್ತಕಕ್ಕೆ ದಸ್ಕತ್ತು ಹಾಕಿದವರು ನೀವು.

ಏಪ್ರಿಲಿನಲ್ಲಿ ಬಂದರಿನವರು ನನ್ನನ್ನು ಕರೆದಿದ್ದರು. ನೀವೆಲ್ಲ ನಾನು ಮಂಗಳೂರಿಗೆ ಹಲ್ಲು ತೋರಿಸ್ಲಿಕ್ಕೆ ಹೋದದ್ದು ಅಂತ ತಿಳಿದುಕೊಂಡಿದ್ದಿರಿ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಒಂದೇ ಕುರ್ಚಿ. ಒರಟು ಮಾತೇನೂ ಇಲ್ಲ. ಎರಡು ಸಲ ಚಾ ಕೊಟ್ಟರು, ಬಿಸ್ಕೂಟು ಕೊಟ್ಟರು. ಪುಸ್ತಕದ ಬಗ್ಗೆ ಎಷ್ಟು ಚೆಂದಕೆ ಮಾತಾಡಿದ ಗೊತ್ತುಂಟಾ ಆ ಆಫೀಸರು! ಸ್ವಭಾವದ ಟಿಪ್ಪಣಿ ಬಗ್ಗೆ ನಾವಿಬ್ಬರೂ ಅರ್ಧ ಗಂಟೆ ಚರ್ಚೆ ಮಾಡಿದೆವು. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಯಾರೂ ಹಾಗೆ ಮಾತಾಡಿದ್ದಿಲ್ಲ. ಕೊನೆಗೆ ಕೇಳಿದ, ಒಟ್ಟೆ ಹಾಕುವುದು ಯಾರ ಕೆಲಸ ಅಂತ. ಬೇಡ ಅಂತ ಹೇಳಿದ್ದು ಯಾರು ಅಂತ ಅವನು ಕೇಳಲಿಲ್ಲ ಅದ್ರಾಮ ಕಾಕ. ನನ್ನ ಆಣೆ, ಕೇಳಲಿಲ್ಲ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರೀಬೇಕು, ಒಂಬತ್ತು ವರ್ಷ ಮಕ್ಕಳಿಗೆ ಅದನ್ನೇ ಕಲಿಸಿದ್ದು ನಾನು. ಹೆಸರು ಹೇಳಿದೆ. ವಿಳಾಸ ಕೇಳಿದರು. ವಿಳಾಸ ಹೇಳಿದೆ.

ಬರೆದುಕೊಳ್ತಾ ಇದ್ದ ಅಲ್ಲಿಯ ಗುಮಾಸ್ತ ಬೇರೆ ಊರಿನವ. ನಮ್ಮ ಊರು ಗೊತ್ತಿಲ್ಲ. ಮೊಗ್ರಾಲ್ ಅಂತ ಬರೆದ. ನನಗೆ ಎದುರಿಂದ ಕಾಣ್ತಾ ಇತ್ತು. ಹಾಗೇ ಬಿಟ್ಟಿದ್ದರೆ ಆ ಕಾಗದ ಮೊಗ್ರಾಲಿಗೆ ಹೋಗಿ, ಅಲ್ಲಿ ನಾಲ್ಕು ದಿನ ಸುತ್ತಿ, ಇಂಥವರು ಇಲ್ಲಿಲ್ಲ ಅಂತ ವಾಪಸು ಬರ್ತಿತ್ತು. ಆಗ ನೀವು ಬುಧವಾರ ಸುಮ್ಮನೆ ವಿಮಾನ ಹತ್ತುತ್ತಿದ್ದಿರಿ.

ಅದು ಆಗಲೇ ನನಗೆ ಹೊಳೆಯಿತು. ಹೊಳೆಯದೆ ಏನು? ಬಾಯಿ ಮುಚ್ಚಿ ಕೂತರೆ ಆಗ್ತಿತ್ತು.

ಮೊಗ್ರಾಲ್ ಅಲ್ಲ ಸಾರ್, ಮೊಗ್ರಾಲ್ ಪುತ್ತೂರು, ಅದು ಬೇರೆ ಇದು ಬೇರೆ, ನಡುವೆ ಹೊಳೆ ಉಂಟು ಅಂದೆ. ಗೀಟು ಹಾಕಿ ಸರಿ ಬರೆದ. ಥ್ಯಾಂಕ್ಸ್ ಮಾಷ್ಟ್ರೆ ಅಂತ ಕೂಡ ಹೇಳಿದ.

ತಪ್ಪು ಕಣ್ಣಿಗೆ ಕಂಡ ಮೇಲೆ ಸುಮ್ಮನೆ ಕೂತುಕೊಳ್ಳಲಿಕ್ಕೆ ನನ್ನಿಂದ ಆಗುವುದಿಲ್ಲ, ಮಾರಾಯ್ರೆ.